ನೀರಿನ ಶುಲ್ಕದ ಮಸೂದೆಗೆ ಗಿಲೊಟಿನ್: ಪರ – ವಿರೋಧ

2013ರ ಡಿಸೆಂಬರ್, ಕ್ರಿಸ್‌ಮಸ್ ರಜೆಗೆ ಮುಂಚಿನ ವಾರ. ಐರ್ಲೆಂಡ್ ಸಂಸತ್ತಿನ ಕೆಳಮನೆ ಡಾಯ್ಲ್, ನೀರು ಸರಬರಾಜಿನ ಮಸೂದೆಯೊಂದನ್ನು ಕೆಲವೇ ಗಂಟೆಗಳ ಚರ್ಚೆಯಲ್ಲಿ ಮುಗಿಸಿತು. ವಿರೋಧ ಪಕ್ಷಗಳು ಸಭಾತ್ಯಾಗ ಮಾಡಿದವು. 34 ನಗರ ಮತ್ತು ಕೌಂಟಿ ಆಡಳಿತಗಳ ಕೈಯಲ್ಲಿದ್ದ ನೀರು, ಒಳಚರಂಡಿ ಕೆಲಸ ‘ಐರಿಷ್ ವಾಟರ್’ ಎಂಬ ಒಂದೇ ಸರ್ಕಾರಿ ಕಂಪನಿಗೆ ಹೋಯಿತು; ಮನೆಮನೆಗೆ ಬಿಲ್ ಕೊಡುವ ಅಧಿಕಾರವೂ ಅದಕ್ಕೆ ಸಿಕ್ಕಿತು. ನಾಲ್ಕು ವರ್ಷ ತುಂಬುವುದರೊಳಗೆ ಆ ಶುಲ್ಕ ರದ್ದಾಗಿ, ಕಟ್ಟಿದವರಿಗೆ ಹಣ ವಾಪಸಾಗಬೇಕಾಯಿತು. ಚರ್ಚೆಗೆ ಮೊದಲೇ ಗಡುವು ಹಾಕಿ, ಗಡುವು ಮುಗಿದ ಕೂಡಲೇ ಮಸೂದೆಯನ್ನು ಮತಕ್ಕೆ ಹಾಕುವ ಈ ‘ಗಿಲೊಟಿನ್’ ಅಧಿಕಾರ ಸರ್ಕಾರಕ್ಕೆ ಇರಬೇಕೆ?

ಪರ: ಗಡುವಿಲ್ಲದೆ ಇಂಥ ಮಸೂದೆ ದಡ ಮುಟ್ಟುವುದಿಲ್ಲ

ಮೊದಲು ಲೆಕ್ಕ ನೋಡೋಣ. ಆಗ ಡಾಯ್ಲ್‌ನಲ್ಲಿ 166 ಸದಸ್ಯರಿದ್ದರು. ಒಬ್ಬೊಬ್ಬರು 20 ನಿಮಿಷ ಮಾತನಾಡಿದರೂ ಮಸೂದೆಯ ಎರಡನೇ ಹಂತವೊಂದಕ್ಕೇ 55 ಗಂಟೆ ಹಿಡಿಯುತ್ತದೆ. ಸದನ ಸೇರುವುದು ಸಾಮಾನ್ಯವಾಗಿ ಮಂಗಳವಾರದಿಂದ ಗುರುವಾರದವರೆಗೆ. ಆ ಮೂರು ದಿನಗಳಲ್ಲೇ ಪ್ರಶ್ನೋತ್ತರ ನಡೆಯಬೇಕು, ವಿರೋಧ ಪಕ್ಷಗಳ ನಿರ್ಣಯಗಳು ಬರಬೇಕು, ಡಿಸೆಂಬರಿನಲ್ಲಂತೂ ಬಜೆಟ್ಟಿನ ಹಿಂದೆ ಬರುವ ಮಸೂದೆಗಳೂ ಸಾಲುಗಟ್ಟಿರುತ್ತವೆ. ಎರಡನೇ ಹಂತದಲ್ಲಿ ಚರ್ಚೆಯಾಗುವುದು ತತ್ವ ಮಾತ್ರ. ಮಸೂದೆಯ ಒಂದೊಂದು ಖಂಡವನ್ನೂ ಬೇರೆಬೇರೆಯಾಗಿ ನೋಡುವ ಖಂಡವಾರು ಪರಿಶೀಲನೆ, ವರದಿ ಹಂತ, ಅಂತಿಮ ಹಂತ, ಆಮೇಲೆ ಮೇಲ್ಮನೆ ಶಾನಡ್, ಇಷ್ಟೂ ಬಾಕಿ ಉಳಿದಿರುತ್ತದೆ.

ಈ ಕಾಯ್ದೆ 2014ರ ಜನವರಿ 1ಕ್ಕೆ ಜಾರಿಯಾಗಬೇಕಿತ್ತು. ಸ್ಥಳೀಯ ಆಡಳಿತಗಳ ಹಣಕಾಸು ವರ್ಷ ಶುರುವಾಗುವುದು ಅಂದೇ. ವರ್ಷದ ನಡುವೆ ಹಸ್ತಾಂತರ ಮಾಡಿದರೆ ಒಂದೇ ಶುದ್ಧೀಕರಣ ಘಟಕದ ವಿದ್ಯುತ್ ಬಿಲ್ಲು ಎರಡು ಆಯವ್ಯಯಗಳಲ್ಲಿ ಹರಿದು ಹಂಚಿಹೋಗುತ್ತದೆ. ಜನವರಿ 1ರಿಂದ ಹಿಂದಕ್ಕೆ ಎಣಿಸಿ: ಎರಡೂ ಸದನಗಳು ಒಪ್ಪಿದ ಮಸೂದೆಗೆ ರಾಷ್ಟ್ರಾಧ್ಯಕ್ಷರು ಸಹಿ ಹಾಕುವುದು, ಅದು ತಮ್ಮ ಕೈಸೇರಿದ ಐದನೇ ದಿನದಿಂದ ಏಳನೇ ದಿನದೊಳಗೆ. ಇನ್ನೂ ಬೇಗ ಬೇಕೆಂದರೆ ಶಾನಡ್ ಪ್ರತ್ಯೇಕ ನಿರ್ಣಯದ ಮೂಲಕ ಸಮ್ಮತಿಸಬೇಕು. ರಜೆ ಕಳೆದು ಲೆಕ್ಕ ಹಾಕಿದರೆ ಡಾಯ್ಲ್ ತನ್ನ ಕೆಲಸ ಮುಗಿಸಲು ಡಿಸೆಂಬರ್ ಮೂರನೇ ವಾರವೇ ಕಡೆಯ ಗಡುವು.

ವಿಷಯವಾದರೂ ಹೊಸತಾಗಿರಲಿಲ್ಲ. 2010ರ ಕೊನೆಯಲ್ಲಿ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್‌ನಿಂದ ಸಾಲ ಪಡೆದಾಗಲೇ ಮನೆಗಳ ನೀರಿಗೆ ಶುಲ್ಕ ಹಾಕುವ ಮಾತು ಕೊಟ್ಟಾಗಿತ್ತು. 2013ರ ಮಾರ್ಚಿನಲ್ಲಿ ಬಂದ ಇನ್ನೊಂದು ಕಾಯ್ದೆ ಕಂಪನಿಯನ್ನು ಹುಟ್ಟುಹಾಕಿ ಮೀಟರ್ ಅಳವಡಿಕೆಗೆ ದಾರಿ ಮಾಡಿತ್ತು. ಡಿಸೆಂಬರಿನ ಮಸೂದೆ ದರವನ್ನು ನಿಗದಿ ಮಾಡಲೂ ಇಲ್ಲ. ಅದನ್ನು ಇಂಧನ ನಿಯಂತ್ರಣ ಆಯೋಗಕ್ಕೆ ಬಿಟ್ಟಿತು. ಆಯೋಗ 2014ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿಯೇ ದರ ಹೇಳಿತು: ನೀರು, ಒಳಚರಂಡಿ ಎರಡೂ ಸೇರಿ ಸಾವಿರ ಲೀಟರಿಗೆ 4.88 ಯೂರೊ, ಮನೆಗೆ ವರ್ಷಕ್ಕೆ 30,000 ಲೀಟರ್ ಉಚಿತ, ಪ್ರತಿ ಮಗುವಿಗೆ ಇನ್ನೂ 21,000. ದರದ ಬಗ್ಗೆ ಚರ್ಚೆಯೇ ನಡೆಯಲಿಲ್ಲ ಎನ್ನುವವರು ಆ ಹಂತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ನೀರಿನ ಶುಲ್ಕ ಯಾವ ಸದಸ್ಯನಿಗೂ ಮತ ತಂದುಕೊಡುವ ವಿಷಯವಲ್ಲ. ಹಾಗಾಗಿ ಇದನ್ನು ಎಳೆಯುವುದರಲ್ಲಿ ಎಲ್ಲರಿಗೂ ಲಾಭ. ಇದೇ ದೇಶದಲ್ಲಿ 1977ರ ಚುನಾವಣೆಯ ಭರವಸೆಯಂತೆ ಮನೆಗಳ ಸ್ಥಳೀಯ ತೆರಿಗೆಯನ್ನು ತೆಗೆದರು. 1980ರ ದಶಕದಲ್ಲಿ ಬಂದ ನೀರಿನ ಶುಲ್ಕವನ್ನು 1997ರ ಚುನಾವಣೆಯ ಹೊಸ್ತಿಲಲ್ಲಿ ಕೈಬಿಟ್ಟರು. ನೆಲದಡಿಯ ಪೈಪಿನ ಪರವಾಗಿ ಮಾತನಾಡುವವರು ಯಾರೂ ಇರಲಿಲ್ಲ. 2007ರಲ್ಲಿ ಗಾಲ್‌ವೇ ನಗರದ ನೀರಿಗೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಸೇರಿ, ಜನ ತಿಂಗಳುಗಟ್ಟಲೆ ನೀರು ಕುದಿಸಿ ಕುಡಿದರು. ಹೊಸ ಕಂಪನಿ ಕೆಲಸ ಶುರು ಮಾಡಿದಾಗ ಶುದ್ಧೀಕರಿಸಿದ ನೀರಿನಲ್ಲಿ ಸುಮಾರು ಅರ್ಧ ದಾರಿಯಲ್ಲೇ ಸೋರಿ ಹೋಗುತ್ತಿತ್ತು. ನಿರ್ಧಾರವನ್ನು ಮುಂದೂಡುವುದಕ್ಕೂ ಬೆಲೆ ಇದೆ. ಅದು ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೇ.

ಗಿಲೊಟಿನ್ ಹುಟ್ಟಿದ್ದಕ್ಕೂ ಕಾರಣವಿದೆ. 1881ರ ಜನವರಿ 31ರಂದು ಶುರುವಾದ ಬ್ರಿಟಿಷ್ ಸಂಸತ್ತಿನ (ವೆಸ್ಟ್‌ಮಿನ್‌ಸ್ಟರ್) ಕಲಾಪವನ್ನು ಐರಿಷ್ ನಾಯಕ ಪಾರ್ನೆಲ್ ಮತ್ತು ಅವರ ಸಂಗಾತಿಗಳು 41 ಗಂಟೆ ಎಳೆದರು. ಕೊನೆಗೆ ಸ್ಪೀಕರ್ ಬ್ರಾಂಡ್ ತಾವೇ ಚರ್ಚೆ ನಿಲ್ಲಿಸಬೇಕಾಯಿತು. ಐರಿಷ್ ಸದಸ್ಯರ ಹೋರಾಟದ ನ್ಯಾಯ ಬೇರೆ ವಿಷಯ. ಆದರೆ ಮಾತಿಗೆ ಕೊನೆಯೇ ಇಲ್ಲದ ಸದನದಲ್ಲಿ ಬಹುಮತಕ್ಕೆ ಅರ್ಥ ಉಳಿಯುವುದಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಗಡುವಿಲ್ಲದ ದಾರಿಯನ್ನೂ ಐರ್ಲೆಂಡ್ ನೋಡಿದೆ. 2016ರಲ್ಲಿ ಅಲ್ಪಮತದ ಸರ್ಕಾರ ಬಂತು. ಶುಲ್ಕವನ್ನು ಒಂಬತ್ತು ತಿಂಗಳಿಗೆ ಅಮಾನತಿನಲ್ಲಿಟ್ಟರು, ತಜ್ಞರ ಆಯೋಗ ನೇಮಿಸಿದರು, ಅದರ ವರದಿ ಬಂದ ಮೇಲೆ ಎರಡೂ ಸದನಗಳ ಜಂಟಿ ಸಮಿತಿ ಕೂರಿಸಿದರು. ಕಾಯ್ದೆ ಬಂದದ್ದು 2017ರ ನವೆಂಬರಿನಲ್ಲಿ. ಅಷ್ಟೂ ಕಾಲ ಬಿಲ್ ಕಟ್ಟಿದವರಿಗೆ ತಾವು ಮೋಸ ಹೋದೆವೇನೋ ಎಂಬ ಸಂಕಟ. ಕೊನೆಗೆ ಸುಮಾರು 17 ಕೋಟಿ ಯೂರೊ ವಾಪಸು ಕೊಟ್ಟು, ನೀರಿನ ಖರ್ಚನ್ನು ಮತ್ತೆ ತೆರಿಗೆಯ ಮೇಲೇ ಹಾಕಿದರು. ದೀರ್ಘ ಚರ್ಚೆಯಿಂದ ಸೋರಿಕೆ ನಿಲ್ಲಿಸಲು ಬೇಕಾದ ಹಣದ ಹೊಸ ಮೂಲವೇನೂ ಸಿಗಲಿಲ್ಲ.

ವಿರೋಧ: ಕತ್ತರಿ ಬಿದ್ದದ್ದು ಖಂಡವಾರು ಚರ್ಚೆಗೆ

ಗಿಲೊಟಿನ್ ಎಂದರೆ ಭಾಷಣಕ್ಕೆ ಸಮಯದ ಮಿತಿ ಎಂದೇ ಅನೇಕರು ತಿಳಿದಿದ್ದಾರೆ. ಡಾಯ್ಲ್‌ನ ನಿರ್ಣಯದ ಒಕ್ಕಣೆಯನ್ನು ಗಮನವಿಟ್ಟು ಓದಬೇಕು. ಇಂತಿಷ್ಟು ಗಂಟೆಗೆ ಕಲಾಪ ಮುಗಿಯದಿದ್ದರೆ ಸಭಾಧ್ಯಕ್ಷರು ಒಂದೇ ಪ್ರಶ್ನೆಯನ್ನು ಮತಕ್ಕೆ ಹಾಕುತ್ತಾರೆ. ಆ ಪ್ರಶ್ನೆಯಲ್ಲಿ ಸೇರುವುದು ಸಚಿವರು ಮಂಡಿಸಿದ ಅಥವಾ ಸಚಿವರು ಒಪ್ಪಿದ ತಿದ್ದುಪಡಿಗಳು ಮಾತ್ರ. ಇಲ್ಲೇ ಇರುವುದು ಪೆಟ್ಟು. ವಿರೋಧ ಪಕ್ಷದ ಸದಸ್ಯ ಬರೆದುಕೊಟ್ಟ ತಿದ್ದುಪಡಿ, ಸರದಿ ಬರುವ ಮೊದಲೇ ಗಂಟೆಯಾದರೆ ಸೋಲುವುದೂ ಇಲ್ಲ, ಗೆಲ್ಲುವುದೂ ಇಲ್ಲ; ಸದನದ ಮುಂದೆ ಬರದೆಯೇ ಬಿದ್ದುಹೋಗುತ್ತದೆ. ಸಚಿವರ ತಿದ್ದುಪಡಿಯಾದರೆ ಒಬ್ಬರೂ ಓದದಿದ್ದರೂ ಕಾಯ್ದೆಯ ಭಾಗವಾಗುತ್ತದೆ. ಹಾಗಾಗಿ 55 ಗಂಟೆಯ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಭಾಷಣಗಳನ್ನು ಐದೈದು ನಿಮಿಷಕ್ಕೆ ಇಳಿಸಿ, ಯಾರೂ ಬೇಡ ಎನ್ನುವುದಿಲ್ಲ. ಉಳಿಸಿಕೊಳ್ಳಬೇಕಾದದ್ದು ಖಂಡವಾರು ಹಂತವನ್ನು.

ಮೂರು ವರ್ಷ ಮೊದಲೇ ಗೊತ್ತಿದ್ದ ವಿಷಯ ಎಂದು ಪರ ವಾದ ಹೇಳುತ್ತದೆ. ಹಾಗಿದ್ದರೆ ಮಸೂದೆಯನ್ನು ಸೆಪ್ಟೆಂಬರಿನಲ್ಲಿ ತರಲು ಏನು ಅಡ್ಡಿ ಇತ್ತು? ಕಲಾಪದ ಪಟ್ಟಿ ಆಗ ಪೂರ್ತಿ ಸರ್ಕಾರದ ಕೈಯಲ್ಲಿತ್ತು. ಮುಖ್ಯ ಸಚೇತಕರ ಕಚೇರಿ ಸಿದ್ಧಮಾಡಿದ ದಿನದ ಕಾರ್ಯಕ್ರಮವನ್ನು ಪ್ರಧಾನಿ ಸದನದಲ್ಲಿ ಓದುತ್ತಿದ್ದರು, ಬಹುಮತ ಅದನ್ನು ಒಪ್ಪುತ್ತಿತ್ತು. ಜನವರಿ 1ರ ದಿನಾಂಕವನ್ನು ಗೊತ್ತುಮಾಡಿದ್ದೂ ಸರ್ಕಾರವೇ, ಮಸೂದೆ ತಡವಾಗಿ ತಂದದ್ದೂ ಸರ್ಕಾರವೇ, ತಡವಾಯಿತೆಂದು ಕತ್ತರಿ ಹಾಕಿದ್ದೂ ಸರ್ಕಾರವೇ. ಗಿಲೊಟಿನ್ ಬಳಕೆಯನ್ನು ಮಿತಿಗೊಳಿಸುತ್ತೇವೆ ಎಂದು 2011ರ ತಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ ಬರೆದುಕೊಂಡಿದ್ದ ಫೈನ್ ಗೇಲ್ ಮತ್ತು ಲೇಬರ್ ಪಕ್ಷಗಳೇ ಇದನ್ನು ಮಾಡಿದವು ಎಂಬುದು ಇನ್ನಷ್ಟು ನೋಯಿಸುವ ಸಂಗತಿ.

ಆ ಮಸೂದೆಯಲ್ಲಿ ದರ ಇರಲಿಲ್ಲ, ನಿಜ. ಖಂಡವಾರು ಚರ್ಚೆ ಬೇಕಾಗಿದ್ದುದು ಅದಕ್ಕಾಗಿಯೇ. ದರ ಹಾಕುವ ಅಧಿಕಾರವನ್ನು ಸದನ ಬೇರೆಯವರಿಗೆ ಬಿಟ್ಟುಕೊಡುವಾಗ, ಜೊತೆಗೆ ಷರತ್ತು ಹಾಕಲು ಸಿಗುವ ಅವಕಾಶ ಅದೊಂದೇ. ಬಿಲ್ಲಿಗೆ ಗರಿಷ್ಠ ಮಿತಿ ಇರಬೇಕೆ? ಕಂಪನಿ ಜನರಿಂದ ಯಾವ ಮಾಹಿತಿ ಕೇಳಬಹುದು? ಮುಂದೊಂದು ದಿನ ಕಂಪನಿಯನ್ನು ಮಾರಲು ಹೊರಟರೆ ತಡೆ ಏನು? ಸ್ಥಳೀಯ ಆಡಳಿತಗಳ ಜೊತೆಗಿನ ಸೇವಾ ಒಪ್ಪಂದ 12 ವರ್ಷ ಇರಬೇಕೆ, ಐದು ಸಾಕೆ? ಒಂದೊಂದಕ್ಕೆ ಒಂದೊಂದು ಗಂಟೆ ಕೊಟ್ಟಿದ್ದರೂ ಬಹಳಷ್ಟು ತಿಳಿಯಾಗುತ್ತಿತ್ತು.

ಕೇಳದೆ ಬಿಟ್ಟ ಪ್ರಶ್ನೆಗಳು ಆಮೇಲೆ ಒಂದೊಂದಾಗಿ ಹೊರಗೆ ಬಂದವು. 2014ರ ಜನವರಿ ಎರಡನೇ ವಾರದೊಳಗೇ, ಸಲಹೆಗಾರರಿಗೆ 5 ಕೋಟಿ ಯೂರೊ ಖರ್ಚಾಗಿದೆ ಎಂದು ಕಂಪನಿಯ ಮುಖ್ಯಸ್ಥ ಜಾನ್ ಟಿಯರ್ನಿ ರೇಡಿಯೊ ಸಂದರ್ಶನದಲ್ಲಿ ಹೇಳಿದರು. ಸದನಕ್ಕೆ ಸಿಗಬೇಕಾಗಿದ್ದ ಅಂಕಿ ಅದು. ನೋಂದಣಿಗೆ ವೈಯಕ್ತಿಕ ಗುರುತಿನ ಸಂಖ್ಯೆ ಕೇಳಿದ್ದು ದೊಡ್ಡ ಗದ್ದಲವಾಗಿ, ಕೊನೆಗೆ ಕೈಬಿಟ್ಟರು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಡಬ್ಲಿನ್ನಿನ ಬೀದಿಗಳಲ್ಲಿ ಮತ್ತೆ ಮತ್ತೆ ಜನಸಾಗರ. ನವೆಂಬರ್ 19ರಂದು ಆಗಿನ ಪರಿಸರ ಸಚಿವ ಅಲನ್ ಕೆಲ್ಲಿ ಹೊಸ ಲೆಕ್ಕ ತಂದರು: ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 160 ಯೂರೊ, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 260 ಯೂರೊ ಮಿತಿ, ಜೊತೆಗೆ ಮನೆಗೆ 100 ಯೂರೊ ಅನುದಾನ. ಕಂಪನಿಯನ್ನು ಖಾಸಗಿಗೆ ಕೊಡುವ ಮೊದಲು ಜನಮತ ಕೇಳಬೇಕೆಂಬ ಖಂಡ ಸೇರಿದ್ದು 2014ರ ಕಾಯ್ದೆಯಲ್ಲಿ. ಹಿಂದಿನ ವರ್ಷ ಖಂಡವಾರು ಕೂತು ಮಾಡಬೇಕಾಗಿದ್ದ ಕೆಲಸವನ್ನು ಬೀದಿಗೆ ಹೆದರಿ ಮಾಡಿದರು.

ಅಷ್ಟು ಹೊತ್ತಿಗೆ ಲೆಕ್ಕದ ಬುಡವೇ ಅಲುಗಿತ್ತು. ಕಂಪನಿಯ ಸಾಲ ಸರ್ಕಾರದ ಪುಸ್ತಕದಿಂದ ಹೊರಗೆ ಉಳಿಯಬೇಕಾದರೆ, ಅದರ ಉತ್ಪಾದನಾ ವೆಚ್ಚದ ಅರ್ಧಕ್ಕಿಂತ ಹೆಚ್ಚು ಮಾರಾಟದಿಂದ ಬರಬೇಕು ಎಂಬುದು ಐರೋಪ್ಯ ಅಂಕಿಅಂಶ ಕಚೇರಿ ಯೂರೊಸ್ಟಾಟ್‌ನ ನಿಯಮ. 2015ರ ಜುಲೈನಲ್ಲಿ ಯೂರೊಸ್ಟಾಟ್ ಈ ಪರೀಕ್ಷೆಯಲ್ಲಿ ಐರಿಷ್ ವಾಟರ್ ಪಾಸಾಗಿಲ್ಲ ಎಂದಿತು. ದರಕ್ಕೆ ಮಿತಿ ಹಾಕಿ, ಮೇಲೆ ಅನುದಾನ ಕೊಟ್ಟರೆ ಆಗುವುದು ಇದೇ. ಮಿತಿಯ ಪ್ರಶ್ನೆ ಮೊದಲೇ ಖಂಡವಾರು ಚರ್ಚೆಯಲ್ಲಿ ಬಂದಿದ್ದರೆ, ಇಂಥ ದರಕ್ಕೆ ಪರೀಕ್ಷೆ ಪಾಸಾಗುತ್ತದೆಯೇ ಎಂದು ಹಣಕಾಸು ಇಲಾಖೆ ಅಲ್ಲೇ ಕಾಗದದ ಮೇಲೆ ತೋರಿಸಬೇಕಾಗುತ್ತಿತ್ತು.

ಇನ್ನೊಂದು ನಷ್ಟ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ತಮ್ಮ ಕ್ಷೇತ್ರದ ಸೋರುವ ಕೊಳವೆಯ ಬಗ್ಗೆ ಸದಸ್ಯರು ಪ್ರಶ್ನೆ ಕೇಳಿದಾಗ, 2014ರ ಜನವರಿ 1ರಿಂದ ಅದು ಐರಿಷ್ ವಾಟರ್‌ನ ಶಾಸನಬದ್ಧ ಹೊಣೆ ಎಂಬ ಒಂದೇ ಸಿದ್ಧ ಉತ್ತರ ಬರತೊಡಗಿತು. ಸದನಕ್ಕೆ ಉತ್ತರದಾಯಿ ಯಾರು ಎಂದು ಕಾಯ್ದೆಯಲ್ಲಿ ಬಿಗಿಯಾಗಿ ಬರೆಸುವ ಹೊತ್ತು ಆಗಲೇ ಮೀರಿಹೋಗಿತ್ತು.

2016–17ರ ನಿಧಾನವನ್ನು ಪರ ವಾದ ದೂರುತ್ತದೆ. ಆ ನಿಧಾನದಲ್ಲಿ ಕೆಲಸಕ್ಕೆ ಬರುವ ಅಂಕಿ ಹುಟ್ಟಿತು. ಮನೆಯೊಂದರ ಸರಾಸರಿ ಬಳಕೆ ವರ್ಷಕ್ಕೆ 1,25,000 ಲೀಟರ್, ಅದರ 1.7 ಪಟ್ಟು, ಅಂದರೆ 2,13,000 ಲೀಟರ್ ದಾಟಿದರೆ ಮಾತ್ರ ಶುಲ್ಕ. ನಾಲ್ಕಕ್ಕಿಂತ ಹೆಚ್ಚು ಜನರಿದ್ದರೆ ತಲೆಗೆ 25,000 ಲೀಟರ್ ಹೆಚ್ಚುವರಿ. ವೈದ್ಯಕೀಯ ಕಾರಣಕ್ಕೆ ಹೆಚ್ಚು ನೀರು ಬೇಕಾದವರಿಗೆ ವಿನಾಯಿತಿ. ಇದು ಸಾಕೇ ಎಂದು ವಾದಿಸಬಹುದು. ಆದರೆ ಯಾರಿಗೆ, ಎಷ್ಟು, ಏಕೆ ಎಂಬುದಕ್ಕೆ ಕಾಯ್ದೆಯಲ್ಲೇ ಉತ್ತರವಿದೆ.

2016ರಿಂದ ಡಾಯ್ಲ್‌ನ ವಾರದ ಕಲಾಪವನ್ನು ಸಭಾಧ್ಯಕ್ಷರ ನೇತೃತ್ವದ ಸಮಿತಿ ಗೊತ್ತುಮಾಡುತ್ತದೆ. ಎಲ್ಲ ಪಕ್ಷ, ಗುಂಪುಗಳೂ ಅದರಲ್ಲಿವೆ. ಒಳ್ಳೆಯ ಬದಲಾವಣೆ, ಆದರೆ ಸಮಿತಿ ಕೊಟ್ಟ ಪಟ್ಟಿಯನ್ನು ಒಪ್ಪುವುದು ಸದನದ ಬಹುಮತವೇ. ಗಟ್ಟಿ ಬಹುಮತದ ಸರ್ಕಾರಕ್ಕೆ ಹಳೆಯ ದಾರಿ ಮುಚ್ಚಿಲ್ಲ. ಆದ್ದರಿಂದ ಸ್ಥಾಯಿ ನಿಯಮದಲ್ಲೇ ಬರೆಯಬೇಕು: ಜನರ ಮೇಲೆ ಹೊಸ ಶುಲ್ಕ ಹಾಕುವ ಮಸೂದೆಗೆ ಗಡುವು ಇಟ್ಟರೂ ಖಂಡವಾರು ಹಂತದ ಗಂಟೆಗಳನ್ನು ಮೊದಲೇ ಬೇರೆ ತೆಗೆದಿಡಬೇಕು, ಸರದಿ ಬಾರದೆ ಉಳಿದ ವಿರೋಧ ಪಕ್ಷದ ತಿದ್ದುಪಡಿಗಳನ್ನೂ ಸಚಿವರ ತಿದ್ದುಪಡಿಗಳಂತೆಯೇ ಮತಕ್ಕೆ ಹಾಕಬೇಕು, ಕಂಪನಿ ಕಟ್ಟುವ ಖರ್ಚಿನ ಪಟ್ಟಿ ಎರಡನೇ ಹಂತಕ್ಕೆ ಮೊದಲೇ ಸದಸ್ಯರ ಮೇಜಿನ ಮೇಲಿರಬೇಕು.