ಅಮೆರಿಕದ ಮಿಡ್‌ಟರ್ಮ್ ಚುನಾವಣೆ: ಇಲ್ಲಿಂದ ನೋಡುವವರು ಏನು ಕೇಳಬೇಕು?

2026ರ ನವೆಂಬರ್ 3ಕ್ಕೆ ಅಮೆರಿಕದಲ್ಲಿ ಮಿಡ್‌ಟರ್ಮ್ ಚುನಾವಣೆ, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ತಿನ ಚುನಾವಣೆ. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಈಗಲೇ ಮಾತು ಶುರುವಾಗಿದೆ. "ಟ್ರಂಪ್ ಗೆಲ್ತಾನಾ, ಸೋಲ್ತಾನಾ?" ಅಂತ ಒಬ್ಬರು. "ನಮ್ಮವರು ಎಷ್ಟು ಜನ ನಿಂತಿದ್ದಾರೆ?" ಅಂತ ಇನ್ನೊಬ್ಬರು. ಈ ಎರಡು ಪ್ರಶ್ನೆ ಇಟ್ಟುಕೊಂಡು ಹೋದರೆ ಈ ಚುನಾವಣೆ ಅರ್ಥವಾಗುವುದಿಲ್ಲ. ನಮ್ಮ ಕಡೆಯ ಎಷ್ಟೋ ಮನೆಯ ಮಕ್ಕಳ ಬದುಕು ಇದರ ಫಲಿತಾಂಶದ ಮೇಲೆ ನಿಂತಿದೆ. ಹಾಗಾಗಿ ಸ್ವಲ್ಪ ಉದ್ದವಾದರೂ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಆ ದಿನ ಟ್ರಂಪ್ ಹೆಸರು ಯಾವ ಮತಪತ್ರದಲ್ಲೂ ಇರುವುದಿಲ್ಲ. ಯಾರು ಗೆದ್ದರೂ ಸರ್ಕಾರ ಬೀಳುವುದಿಲ್ಲ. ಕೆಳಮನೆಯ, ಅಂದರೆ ಹೌಸ್‌ನ 435 ಸೀಟಿಗೂ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕು. ಮೇಲ್ಮನೆಯ, ಅಂದರೆ ಸೆನೆಟ್‌ನ 100 ಸೀಟಿನಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಆಗುತ್ತದೆ. ಸಾಮಾನ್ಯವಾಗಿ ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸೀಟು ಕಳೆದುಕೊಳ್ಳುತ್ತದೆ. ಎರಡನೇ ಮಹಾಯುದ್ಧದ ನಂತರ ಇದು ತಪ್ಪಿದ್ದು 1998 ಮತ್ತು 2002ರಲ್ಲಿ ಮಾತ್ರ. 2010ರಲ್ಲಿ ಒಬಾಮಾ ಪಕ್ಷ 63 ಸೀಟು ಕಳೆದುಕೊಂಡಿತು. ಆದರೂ 2012ರಲ್ಲಿ ಒಬಾಮಾ ಮತ್ತೆ ಆರಾಮಾಗಿ ಗೆದ್ದರು. 2018ರಲ್ಲಿ ಟ್ರಂಪ್ ಪಕ್ಷ 40 ಸೀಟು ಕಳೆದುಕೊಂಡಿತು. ಆಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಒಬ್ಬ ನಾಯಕನ ಕಥೆ ಮುಗಿಯಿತು ಅಂತ ಮಿಡ್‌ಟರ್ಮ್ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಕಾಯ್ದೆ ಬರೆಯುವ ಪೆನ್ನು ಯಾರ ಕೈಗೆ ಹೋಯಿತು ಅನ್ನುವುದನ್ನು ಮಾತ್ರ ಹೇಳಬಹುದು.

ಆ ಪೆನ್ನು ನಮಗ್ಯಾಕೆ ಬೇಕು ಅಂತೀರಾ?

ನನ್ನ ಸೋದರತ್ತೆಯ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಎಚ್-1ಬಿ, ಅಂದರೆ ಕೆಲಸಕ್ಕೆಂದು ಕೊಡುವ ತಾತ್ಕಾಲಿಕ ವೀಸಾದ ಮೇಲೆ ಹೋದವನು. ಅಲ್ಲೇ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ ಹತ್ತು ವರ್ಷದ ಮೇಲಾಯಿತು. ಮಗಳು ಅಲ್ಲಿಗೆ ಹೋದಾಗ ಅಂಗನವಾಡಿ ವಯಸ್ಸು, ಈಗ ಕಾಲೇಜು ಸೇರುವ ವಯಸ್ಸು. ಅವಳ ಸ್ನೇಹಿತರು, ಅವಳ ಮಾತು, ಅವಳ ಊರು ಎಲ್ಲ ಅಲ್ಲೇ. ಅಪ್ಪನ ಸರದಿ ಬರುವ ಮೊದಲೇ ಅವಳಿಗೆ 21 ತುಂಬಿದರೆ ಅಪ್ಪನ ವೀಸಾದ ಜೊತೆ ಅವಳು ಇರುವ ಹಾಗಿಲ್ಲ. ಸ್ಟೂಡೆಂಟ್ ವೀಸಾನೋ ಇನ್ನೊಂದೋ ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ನಮ್ಮತ್ತೆಗೆ ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ, "ಚಿಕ್ಕಂದಿನಿಂದ ಅಲ್ಲೇ ಓದಿದ ಮಗೂನ ಯಾಕಪ್ಪ ಕಳಿಸ್ತಾರೆ?" ಅಂತ ಮತ್ತೆ ಕೇಳುತ್ತಾರೆ.

ಕಳಿಸುವುದು ಯಾರೋ ಒಬ್ಬ ಅಧಿಕಾರಿಯ ಕೆಟ್ಟ ಬುದ್ಧಿಯಿಂದ ಅಲ್ಲ. ಕಾಯ್ದೆಯಲ್ಲಿ ಕೂತಿರುವ ಒಂದು ಸಂಖ್ಯೆಯಿಂದ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000. ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಜಾಸ್ತಿ ಹೋಗಬಾರದು ಅಂತ ಮಿತಿ. ಭಾರತಕ್ಕೂ ಅದೇ, ಐಸ್‌ಲ್ಯಾಂಡ್‌ಗೂ ಅದೇ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಅಧ್ಯಕ್ಷರು ಒಂದೇ ಆದೇಶದಲ್ಲಿ ಹೇಳಿದರು, ಇಲ್ಲಿ ಎಷ್ಟೋ ಮನೆಯವರು ರಾತ್ರಿಯೆಲ್ಲ ಫೋನ್ ಹಿಡಿದು ಕೂತರು. ಆದರೆ ಶೇ. 7 ಅನ್ನುವುದನ್ನು ಯಾವ ಅಧ್ಯಕ್ಷರೂ ಆದೇಶದಿಂದ ಬದಲಿಸಲಾರರು. ಅದನ್ನು ಸಂಸತ್ತೇ ಬದಲಿಸಬೇಕು.

ಪ್ರಯತ್ನ ನಡೆದಿಲ್ಲ ಅಂತಲ್ಲ. 2019ರ ಜುಲೈನಲ್ಲಿ ಕೆಳಮನೆ ಈ ಮಿತಿ ತೆಗೆಯುವ ಮಸೂದೆಯನ್ನು 365–65 ಮತಗಳಿಂದ ಪಾಸು ಮಾಡಿತು. ಎರಡೂ ಪಕ್ಷದವರು ಸೇರಿ ಹಾಕಿದ ಓಟು ಅದು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಕೂಡ ಒಪ್ಪಿತು, ಆದರೆ ಬೇರೆ ರೂಪದಲ್ಲಿ. ಎರಡನ್ನೂ ಹೊಂದಿಸುವಷ್ಟರಲ್ಲಿ ಆ ಸಂಸತ್ತಿನ ಅವಧಿಯೇ ಮುಗಿಯಿತು. ಅಲ್ಲಿ ಎರಡು ವರ್ಷದ ಅವಧಿ ಮುಗಿದರೆ ಪಾಸಾಗದ ಮಸೂದೆಗಳೆಲ್ಲ ಸತ್ತ ಹಾಗೆ. ಮತ್ತೆ ಮೊದಲಿನಿಂದ ಮಂಡಿಸಬೇಕು, ಮತ್ತೆ ಸಮಿತಿ, ಮತ್ತೆ ಚರ್ಚೆ. ಈಗಲ್ ಆ್ಯಕ್ಟ್ ಅನ್ನುವ ಹೆಸರಿನಲ್ಲಿ ಮತ್ತೆ ಬಂತು. 2022ರ ಮಿಡ್‌ಟರ್ಮ್ ಮುಗಿದು, ಹೊಸಬರು ಬರುವುದಕ್ಕೆ ಮೊದಲು, ಆ ಡಿಸೆಂಬರ್‌ನಲ್ಲಿ ಅದನ್ನು ಮತಕ್ಕೆ ಹಾಕಲು ಹೊರಟರು. ಸಾಕಷ್ಟು ಓಟು ಸಿಗುವುದಿಲ್ಲ ಅಂತ ಗೊತ್ತಾಗಿ ವಾಪಸ್ ತೆಗೆದರು. 2023ರ ಜನವರಿ 3ಕ್ಕೆ ಆ ಸಂಸತ್ತೂ ಮುಗಿಯಿತು, ಮಸೂದೆಯೂ ಮುಗಿಯಿತು.

ಆ ವಾರ ನಮ್ಮ ಟಿವಿಗಳಲ್ಲಿ ಇದರ ಸುದ್ದಿಯೇ ನನಗೆ ಕಾಣಲಿಲ್ಲ. ಯಾವ ನಾಯಕ ಯಾರಿಗೆ ಬೈದ ಅನ್ನುವುದು ಮಾತ್ರ ಧಾರಾಳವಾಗಿ ಬರುತ್ತಿತ್ತು. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ವಿಷಯ.

ಇನ್ನು "ನಮ್ಮವರು ಗೆದ್ದರು" ಅನ್ನುವ ಸಂಭ್ರಮ. 2022ರಲ್ಲಿ ಶ್ರೀ ಥಾಣೇದಾರ್ ಮಿಶಿಗನ್‌ನ 13ನೇ ಕ್ಷೇತ್ರದಿಂದ ಕೆಳಮನೆಗೆ ಆಯ್ಕೆಯಾದರು. ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದವರು. ನಮಗೆ ಹೆಮ್ಮೆ ಆಗುವುದು ಸಹಜ, ನನಗೂ ಆಯಿತು. ಆದರೆ ಅದೇ ಗೆಲುವು ಆ ಕ್ಷೇತ್ರದ ಮುಖ್ಯ ನಗರ ಡೆಟ್ರಾಯ್ಟ್‌ನಲ್ಲಿ ಬೇರೆ ಥರ ಕಂಡಿತು. ಅದು ಆಫ್ರಿಕನ್ ಅಮೆರಿಕನ್ನರೇ ಬಹುಪಾಲು ಇರುವ ನಗರ. 1955ರಿಂದ ಅಲ್ಲಿಂದ ಆಯ್ಕೆಯಾದ ಆಫ್ರಿಕನ್ ಅಮೆರಿಕನ್ ಒಬ್ಬರಾದರೂ ಸಂಸತ್ತಿನಲ್ಲಿ ಇದ್ದೇ ಇದ್ದರು. ಥಾಣೇದಾರ್ ಗೆದ್ದಾಗ ಆ ಸಾಲು ಕಡಿದುಹೋಯಿತು.

ಅದು ಹೇಗಾಯಿತು ಅಂತ ತಿಳಿದುಕೊಂಡರೆ ಅಮೆರಿಕದ ಚುನಾವಣೆ ಅರ್ಧ ಅರ್ಥವಾದ ಹಾಗೆ. ಅಲ್ಲಿ ಹೈಕಮಾಂಡ್ ಟಿಕೆಟ್ ಹಂಚುವುದಿಲ್ಲ, ಬಿ ಫಾರಂ ಅನ್ನುವುದೂ ಇಲ್ಲ. ಪ್ರೈಮರಿ ಅಂತ ಒಂದು ಚುನಾವಣೆ ಮೊದಲೇ ನಡೆಯುತ್ತದೆ, ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುತ್ತಾರೆ. ಡೆಟ್ರಾಯ್ಟ್‌ನಲ್ಲಿ ಡೆಮಾಕ್ರಟಿಕ್ ಟಿಕೆಟ್ ಸಿಕ್ಕರೆ ಗೆದ್ದ ಹಾಗೇ ಲೆಕ್ಕ. ಆಗಸ್ಟ್‌ನ ಪ್ರೈಮರಿಯಲ್ಲಿ ತುಂಬಾ ಜನ ಆಫ್ರಿಕನ್ ಅಮೆರಿಕನ್ ಅಭ್ಯರ್ಥಿಗಳು ನಿಂತು ಓಟು ಹಂಚಿಹೋಯಿತು. ಥಾಣೇದಾರ್ ಸ್ವಂತ ದುಡ್ಡು ಸುರಿದು ಪ್ರಚಾರ ಮಾಡಿದ್ದರು. ಮೂರನೇ ಒಂದು ಭಾಗಕ್ಕಿಂತ ಕಡಿಮೆ ಓಟಿನಲ್ಲೇ ಟಿಕೆಟ್ ಅವರ ಪಾಲಾಯಿತು. ಕಾನೂನಿನ ಪ್ರಕಾರ ಸರಿಯಾದ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಡೆಟ್ರಾಯ್ಟ್ ಜನರ ಪ್ರತಿನಿಧಿ, ಬೆಳಗಾವಿಯ ಪ್ರತಿನಿಧಿ ಅಲ್ಲ. ಅಲ್ಲಿನ ಬಸ್ಸು, ಅಲ್ಲಿನ ಮನೆ, ಅಲ್ಲಿನ ಶಾಲೆಯ ವಿಚಾರಕ್ಕೆ ಉತ್ತರ ಹೇಳಬೇಕಾದವರು. ಇಲ್ಲಿ ಕೂತು ನಾವು ಪಟಾಕಿ ಹೊಡೆಯುವ ಮೊದಲು ಆ ಊರಿನವರು ಏನನ್ನು ಕಳೆದುಕೊಂಡೆವು ಅಂದುಕೊಂಡರು ಅಂತ ಒಂದು ಸಲ ಕೇಳಿಸಿಕೊಳ್ಳಬೇಕು.

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನನ್ನ ಚಿಕ್ಕಮ್ಮನ ಮಗಳಿದ್ದಾಳೆ. ಅವಳು ಸಿಟಿಜನ್. 2022ರಲ್ಲಿ ಅಂಚೆಯಲ್ಲಿ ಬಂದ ಮತಪತ್ರವನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿದ್ದಳು. ಡೈನಿಂಗ್ ಟೇಬಲ್ ಮೇಲೆ ಹರಡಿದ ಉದ್ದುದ್ದ ಹಾಳೆಗಳು, ಪಕ್ಕದಲ್ಲಿ ಸರ್ಕಾರ ಕಳಿಸಿದ ದಪ್ಪ ಮಾಹಿತಿ ಪುಸ್ತಕ. ಗವರ್ನರ್‌ಗೆ, ಅಂದರೆ ನಮ್ಮ ಮುಖ್ಯಮಂತ್ರಿಯಂಥವರಿಗೆ, ಒಂದು ಗುರುತು. ಸೆನೆಟರ್ ಅಲೆಕ್ಸ್ ಪಡಿಯಾ ಹೆಸರು ಎರಡು ಕಡೆ, ಉಳಿದಿದ್ದ ಹಳೆಯ ಅವಧಿಗೆ ಒಂದು, ಹೊಸ ಅವಧಿಗೆ ಇನ್ನೊಂದು. ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ಮುಂದುವರಿಸಬೇಕಾ ಬೇಡವಾ ಅಂತ ಹೆಸರಿನ ಮುಂದೆ ಹೌದು, ಇಲ್ಲ. ಆಮೇಲೆ ಏಳು ಪ್ರಪೋಸಿಷನ್‌ಗಳು. ಅಂದರೆ ಜನರೇ ನೇರವಾಗಿ ಓಟು ಹಾಕಿ ತೀರ್ಮಾನಿಸುವ ವಿಷಯಗಳು. ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನದಲ್ಲಿ ಸೇರಿಸಬೇಕಾ? ಪರಿಮಳ ಬೆರೆಸಿದ ತಂಬಾಕು ಮಾರಬಾರದು ಅನ್ನುವ ಕಾಯ್ದೆ ಉಳಿಯಬೇಕಾ? ಶಾಲೆಗಳಲ್ಲಿ ಸಂಗೀತ, ಚಿತ್ರಕಲೆಗೆ ಜಾಸ್ತಿ ಹಣ ಕೊಡಬೇಕಾ? ಈ ಮೂರಕ್ಕೂ ಜನ ಹೌದು ಅಂದರು. ಡಯಾಲಿಸಿಸ್ ಕ್ಲಿನಿಕ್‌ಗಳ ಮೇಲೆ ಹೊಸ ನಿಯಮ ಬೇಕಾ ಅನ್ನುವುದಕ್ಕೆ ಬೇಡ ಅಂದರು. ಆ ಪ್ರಶ್ನೆ ಮತಪತ್ರದಲ್ಲಿ ಬಂದದ್ದು ಅದು ಮೂರನೇ ಸಲ.

ಅವಳು ಡಯಾಲಿಸಿಸ್ ಪುಟ ತೆರೆದಿಟ್ಟು ಸುಮಾರು ಹೊತ್ತು ಓದುತ್ತಾ ಕೂತಿದ್ದಳು. ಅವಳ ಪಕ್ಕದ ಮನೆಯವರು ವಾರಕ್ಕೆ ಮೂರು ದಿನ ಆ ಕ್ಲಿನಿಕ್‌ಗೆ ಹೋಗುತ್ತಾರಂತೆ. ಕೊನೆಗೆ ಹಾಳೆ ಮಡಚಿ ಲಕೋಟೆಗೆ ಹಾಕಿ, ಲಕೋಟೆಯ ಹಿಂದೆ ನಿಧಾನವಾಗಿ ಸಹಿ ಹಾಕಿದಳು. ದಾಖಲೆಯಲ್ಲಿರುವ ಸಹಿಗೆ ಹೋಲಬೇಕು, ಇಲ್ಲದಿದ್ದರೆ ತಡೆಹಿಡಿದು ಪತ್ರ ಬರೆದು ಕೇಳುತ್ತಾರೆ. ನಮ್ಮ ಬೆರಳಿನ ಶಾಯಿ ಮೈಸೂರಿನಲ್ಲಿ ತಯಾರಾಗುತ್ತದಲ್ಲ, ಅದು ಅಲ್ಲಿಲ್ಲ. ಈ ಸಹಿಯೇ ಎಲ್ಲ.

ಇಂಥವಳಿಗೆ ಫೋನ್ ಮಾಡಿ "ಭಾರತಕ್ಕೆ ಒಳ್ಳೆಯದಾಗೋ ಪಕ್ಷಕ್ಕೆ ಹಾಕು" ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವಳು ಅಲ್ಲಿ ತೆರಿಗೆ ಕಟ್ಟುತ್ತಾಳೆ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸುತ್ತಾಳೆ, ಪಕ್ಕದ ಮನೆಯವರ ಕಾಯಿಲೆ ಅವಳಿಗೆ ಗೊತ್ತು. ಆ ಓಟು ಅವಳದು.

ಎಣಿಕೆಯ ದಿನದ ಬಗ್ಗೆಯೂ ಒಂದು ಮಾತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 8ಕ್ಕೆ ಮತದಾನ ಮುಗಿದರೆ ನಮಗೆ ಬುಧವಾರ ಬೆಳಗ್ಗೆ 6.30. ಕ್ಯಾಲಿಫೋರ್ನಿಯಾದಲ್ಲಿ ಮುಗಿಯುವಾಗ ಇಲ್ಲಿ 9.30. ನಾವು ಕಾಫಿ ಕುಡಿಯುವ ಹೊತ್ತಿಗೆ "ಲೀಡ್" ಸುದ್ದಿ ಬರಲು ಶುರುವಾಗುತ್ತದೆ, ಫಾರ್ವರ್ಡ್‌ಗಳೂ ಶುರು. ಅಲ್ಲಿ ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಚುನಾವಣೆ ನಡೆಸುವ ಒಂದೇ ಸಂಸ್ಥೆ ಇಲ್ಲ. ರಾಜ್ಯಕ್ಕೊಂದು ನಿಯಮ, ಜಿಲ್ಲೆಗೊಂದು ಎಣಿಕೆ. ಪೆನ್ಸಿಲ್ವೇನಿಯಾದಲ್ಲಿ 2022ರಲ್ಲಿ ಅಂಚೆ ಮತದ ಲಕೋಟೆಯನ್ನು ಚುನಾವಣೆಯ ದಿನ ಬೆಳಗ್ಗೆಗಿಂತ ಮೊದಲು ಬಿಚ್ಚುವ ಹಾಗೇ ಇರಲಿಲ್ಲ. ಹಾಗಾಗಿ ಮೊದಲು ಮುಂದಿದ್ದವರು ಆಮೇಲೆ ಹಿಂದೆ ಬಿದ್ದರೆ ಅದು ಮೋಸ ಅಂತ ಅಲ್ಲ. ಆ ವರ್ಷ ಕೆಳಮನೆ ರಿಪಬ್ಲಿಕನ್ನರಿಗೆ ಹೋಯಿತು ಅಂತ ಖಚಿತವಾದದ್ದು ನವೆಂಬರ್ 16ಕ್ಕೆ, ಮತದಾನ ಆಗಿ ಎಂಟು ದಿನದ ಮೇಲೆ. ಜಾರ್ಜಿಯಾದ ಸೆನೆಟ್ ಸೀಟು ಡಿಸೆಂಬರ್ 6ರ ಎರಡನೇ ಸುತ್ತಿನ ಮತದಾನದವರೆಗೆ ಎಳೆಯಿತು. ಕೊಲೊರಾಡೊದ ಒಂದು ಕ್ಷೇತ್ರ ನಿರ್ಧಾರವಾದದ್ದು 546 ಮತಗಳಿಂದ. ಬುಧವಾರ ಬೆಳಗ್ಗೆಯೇ "ಅಲೆ" ಅಂತ ಬರೆದವರ ಮಾತನ್ನು ಆ ವರ್ಷ ಫಲಿತಾಂಶ ಉಳಿಸಲಿಲ್ಲ. ಕೊನೆಗೆ ಬಂದದ್ದು 222–213ರ ತೆಳ್ಳಗಿನ ಬಹುಮತ.

ತೆಳ್ಳಗಿನ ಬಹುಮತ ಅಂದರೆ ಅಲ್ಲಿ ಏನು ಅನ್ನುವುದೂ ಬೇಗ ಗೊತ್ತಾಯಿತು. ನಮ್ಮ ಪಕ್ಷಾಂತರ ನಿಷೇಧ ಕಾಯ್ದೆಯಂಥದ್ದು ಅಲ್ಲಿಲ್ಲ. ಸ್ವಂತ ಪಕ್ಷದ ವಿರುದ್ಧ ಓಟು ಹಾಕಿದರೂ ಸೀಟು ಹೋಗುವುದಿಲ್ಲ. 2023ರ ಜನವರಿಯಲ್ಲಿ ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು 15 ಸುತ್ತು ಮತದಾನ ಬೇಕಾಯಿತು. ಅಕ್ಟೋಬರ್‌ನಲ್ಲಿ ಅವರನ್ನು ಇಳಿಸಿಯೂ ಬಿಟ್ಟರು. ಯಾವ ಪಕ್ಷ ಗೆದ್ದಿತು ಅನ್ನುವಷ್ಟೇ ಯಾವ ಸದಸ್ಯ ಯಾವ ವಿಷಯಕ್ಕೆ ಓಟು ಹಾಕುತ್ತಾನೆ ಅನ್ನುವುದೂ ಮುಖ್ಯವಾಗುವುದು ಇದಕ್ಕೇ. 2019ರ ಆ ಮಸೂದೆಗೆ 365 ಓಟು ಸೇರಿದ್ದೂ ಹಾಗೇ.

ಈ ಸಲ ಕ್ಷೇತ್ರಗಳ ಗಡಿಯ ಗೆರೆಯನ್ನೂ ನೋಡಬೇಕು. ಕ್ಷೇತ್ರ ಪುನರ್ವಿಂಗಡಣೆ ಅಂದರೆ ನಮಗೆ ಆಯೋಗ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಶಾಸಕಾಂಗವೇ ಗೆರೆ ಎಳೆಯುತ್ತದೆ. 2025ರಲ್ಲಿ ಟೆಕ್ಸಸ್ ರಿಪಬ್ಲಿಕನ್ನರಿಗೆ ಐದು ಸೀಟು ಜಾಸ್ತಿ ಸಿಗಲಿ ಅಂತ ನಕ್ಷೆ ಬದಲಿಸಿತು. ಉತ್ತರವಾಗಿ ಕ್ಯಾಲಿಫೋರ್ನಿಯಾದ ಜನ ನವೆಂಬರ್‌ನಲ್ಲಿ ಪ್ರಪೋಸಿಷನ್ 50 ಪಾಸು ಮಾಡಿ ತಮ್ಮ ನಕ್ಷೆ ಬದಲಿಸಿದರು. ಇಬ್ಬರೂ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ. ಮತದಾರ ಪ್ರತಿನಿಧಿಯನ್ನು ಆರಿಸಬೇಕೇ ಹೊರತು ಪ್ರತಿನಿಧಿ ಮತದಾರರನ್ನು ಆರಿಸಬಾರದು.

ನ್ಯೂಜೆರ್ಸಿಯ ನಮ್ಮ ಹುಡುಗನಿಗೆ ಓಟಿಲ್ಲ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಪ್ರಚಾರಕ್ಕೆ ದೇಣಿಗೆಯನ್ನೂ ಕೊಡುವಂತಿಲ್ಲ. ತೆರಿಗೆ ಮಾತ್ರ ಕಟ್ಟುತ್ತಾನೆ. 21 ತುಂಬುವ ಇಂಥ ಮಕ್ಕಳನ್ನು ಉಳಿಸಿಕೊಳ್ಳುವ ಮಸೂದೆಯನ್ನು 2021ರಲ್ಲಿ ಸೆನೆಟ್‌ನಲ್ಲಿ ತಂದವರು ಡೆಮಾಕ್ರಟ್ ಅಲೆಕ್ಸ್ ಪಡಿಯಾ ಮತ್ತು ರಿಪಬ್ಲಿಕನ್ ರ್ಯಾಂಡ್ ಪಾಲ್. ಅದೂ ಆ ಅವಧಿಯ ಜೊತೆಗೇ ಮುಗಿದುಹೋಯಿತು.

ಅಲ್ಲಿ ಸಿಟಿಜನ್ ಆಗಿರುವ ನಮ್ಮ ಕನ್ನಡದವರಿಗೆ ನನ್ನದೊಂದು ಕೋರಿಕೆ. ನಿಮ್ಮ ಊರಿನ ಟೌನ್ ಹಾಲ್ ಸಭೆಗೆ ಅಭ್ಯರ್ಥಿ ಬಂದಾಗ, ಅವರು ಯಾವ ಪಕ್ಷದವರೇ ಆಗಲಿ, ಎರಡು ಪ್ರಶ್ನೆ ಕೇಳಿ. ಶೇ. 7ರ ಮಿತಿ ತೆಗೆಯಲು ಓಟು ಹಾಕುತ್ತೀರಾ? 21 ತುಂಬಿದ ಮಕ್ಕಳ ಮಸೂದೆಗೆ ಸಹಿ ಹಾಕುತ್ತೀರಾ? ಏನು ಉತ್ತರ ಕೊಟ್ಟರು ಅಂತ ಕೆಳಗೆ ಕಾಮೆಂಟ್‌ನಲ್ಲಿ ಬರೆಯಿರಿ, ಅಭ್ಯರ್ಥಿಯ ಹೆಸರು ಮತ್ತು ಕ್ಷೇತ್ರದ ಸಂಖ್ಯೆ ಸಮೇತ. ನಮ್ಮ ಗ್ರೂಪಿನಲ್ಲಿ ನಾನು ಹಂಚುವುದು ಅದನ್ನೇ.