ಕಲಿತರೆ ಏನೂ ಇಲ್ಲ, ದಂಡ ಬಿದ್ದರೆ ಅರ್ಧ ರಿಯಾಯಿತಿ

ಬೈಕ್ ಓಡಿಸುವವರಿಗೆ ನಮ್ಮ ರಾಜ್ಯದಲ್ಲಿ ಯಾವ ರಿಯಾಯಿತಿಯೂ ಇಲ್ಲ ಎಂದು ಯಾರೂ ಗೊಣಗಬಾರದು. ಇದೆ. 2023ರ ಫೆಬ್ರುವರಿಯಲ್ಲಿ ಸಿಕ್ಕಿತ್ತು. 2025ರ ಆಗಸ್ಟ್ ಕೊನೆಯಲ್ಲಿ ಶುರುವಾಗಿ ಸೆಪ್ಟೆಂಬರ್‌ವರೆಗೂ ಮತ್ತೆ ಸಿಕ್ಕಿತ್ತು. ಅದೂ ಸಣ್ಣಪುಟ್ಟದಲ್ಲ, ಶೇಕಡಾ 50. ಏನು ಮಾಡಿದ್ದಕ್ಕೆ? ಹೆಲ್ಮೆಟ್ ಇಲ್ಲದೆ ಹೋಗಿದ್ದಕ್ಕೆ, ಸಿಗ್ನಲ್ ಹಾರಿಸಿದ್ದಕ್ಕೆ, ಒಂದೇ ಗಾಡಿ ಮೇಲೆ ಮೂರು ಜನ ಕೂತಿದ್ದಕ್ಕೆ. ಹಳೆಯ ದಂಡವನ್ನು ಕಟ್ಟದೆ ಬಾಕಿ ಉಳಿಸಿಕೊಂಡವರು ಅರ್ಧ ಕಟ್ಟಿದರೆ ಸಾಕು ಎಂದು ಸರ್ಕಾರ ಹೇಳಿತು. ಜನ ಸಾಲುಗಟ್ಟಿ ನಿಂತು ಕಟ್ಟಿದರು. ದಂಡ ಬಿದ್ದ ದಿನವೇ ಪೂರ್ತಿ ಕಟ್ಟಿ ರಸೀದಿ ಇಸಕೊಂಡಿದ್ದವನು ಮಾತ್ರ ಮನೆಯಲ್ಲಿ ಬೈಸಿಕೊಂಡ. ಸ್ವಲ್ಪ ತಡಕೋಬಾರದಿತ್ತಾ, ಆಫರ್ ಬರ್ತಿತ್ತಲ್ಲ?

ಹಾಗಾದರೆ ಗಾಡಿ ಓಡಿಸುವುದನ್ನು ಸರಿಯಾಗಿ ಕಲಿತವನಿಗೆ ಏನು ಸಿಗುತ್ತದೆ? ಬಳ್ಳಾರಿಯಲ್ಲಿ ಯಾವ ಇನ್ಶೂರೆನ್ಸ್ ಏಜೆಂಟರ ಹತ್ತಿರ ಬೇಕಾದರೂ ಹೋಗಿ ಕೇಳಿ. ಮಾತು ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ.

"ಅಣ್ಣಾ, ನಾನು ಸೇಫ್ಟಿ ಕೋರ್ಸ್ ಮಾಡೀನಿ. ಸರ್ಟಿಫಿಕೇಟ್ ಐತಿ. ಎಷ್ಟು ಕಮ್ಮಿ ಆಗ್ತೈತಿ?"

"ಗಾಡಿ ಎಷ್ಟು ಸಿಸಿ?"

"ಸಿಸಿ ಅಲ್ಲಣ್ಣಾ, ನಾನು ಕೇಳಿದ್ದು ಕೋರ್ಸಿಂದು."

"ಕೋರ್ಸಿಗೆ ಕಾಲಂ ಇಲ್ಲಪ್ಪಾ. ಹೋದ ವರ್ಷ ಕ್ಲೇಮ್ ಮಾಡಿಯೇನು?"

"ಇಲ್ಲ. ಆದ್ರ ಎರಡು ಸಲ ಬಿದ್ದೀನಿ."

"ಬಿದ್ದಿದ್ದು ಯಾರು ಕೇಳಿದ್ರು? ಕ್ಲೇಮ್ ಮಾಡಿಲ್ಲಲ್ಲ, 20 ಪರ್ಸೆಂಟ್ ಕಮ್ಮಿ. ಸಹಿ ಹಾಕು."

ಇದಕ್ಕೆ ನೋ ಕ್ಲೇಮ್ ಬೋನಸ್ ಎನ್ನುತ್ತಾರೆ. ಮೊದಲ ವರ್ಷ ಕ್ಲೇಮ್ ಮಾಡದಿದ್ದರೆ ಶೇಕಡಾ 20, ಆಮೇಲೆ 25, 35, 45. ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ 50. ಅದೂ ನಮ್ಮ ಗಾಡಿಗೆ ಆಗುವ ಹಾನಿಗೆ ಕಟ್ಟುವ ಭಾಗದ ಮೇಲೆ ಮಾತ್ರ. ಗಮನಿಸಿ, ಚೆನ್ನಾಗಿ ಓಡಿಸಿದ್ದಕ್ಕೆ ಕೊಡುವ ಬಹುಮಾನ ಇದಲ್ಲ. ಹಿತ್ತಲಲ್ಲಿ ಟಾರ್ಪಾಲ್ ಹೊದ್ದು ನಿಂತ ಬೈಕಿಗೂ ಅಷ್ಟೇ ಬೋನಸ್. ಮೋತಿ ಸರ್ಕಲ್‌ನಲ್ಲಿ ಆಟೊಗೆ ಗುದ್ದಿ, ಇಂಡಿಕೇಟರ್ ಪುಡಿ ಮಾಡಿಕೊಂಡು, ಹ್ಯಾಂಡಲ್ ಸೊಟ್ಟಗಾಗಿ, ಬೇವಿನ ಮರದ ಕೆಳಗಿನ ಮೆಕ್ಯಾನಿಕ್ ಹತ್ತಿರ ಕೈಯಿಂದ ದುಡ್ಡು ಕೊಟ್ಟು ನೆಟ್ಟಗೆ ಮಾಡಿಸಿಕೊಂಡವನಿಗೂ ಅಷ್ಟೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಗೆ ಶೇಕಡಾವಾರು ಲೆಕ್ಕ ಹಾಕಿದವರು ವಿಮೆಯವರೇ.

2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇನ್ನೊಂದು ದಾರಿ ತೆರೆಯಿತು. ಹೇಗೆ ಓಡಿಸುತ್ತೀರಿ ಎಂದು ನೋಡಿ ಪ್ರೀಮಿಯಂ ಲೆಕ್ಕ ಹಾಕುವ ಪಾಲಿಸಿಗೆ ಒಪ್ಪಿಗೆ ಕೊಟ್ಟಿತು. ವೇಗ ಎಷ್ಟು, ಬ್ರೇಕ್ ಎಷ್ಟು ಜೋರಾಗಿ ಒತ್ತಿದಿರಿ ಅಂತ ಯಂತ್ರವೋ ಮೊಬೈಲೋ ಬರೆದಿಟ್ಟುಕೊಳ್ಳುತ್ತದೆ. ಒಳ್ಳೆಯದೇ. ಆದರೆ ಕೌಲ್ ಬಜಾರ್‌ನಲ್ಲಿ ರಾತ್ರಿ ಹತ್ತರ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಬೇಕು. ನಾಯಿ ಅಡ್ಡ ಬಂದಾಗ ಬ್ರೇಕ್ ಒತ್ತಿದವನಿಗೆ ಒಂದು ಅಂಕ ಕಡಿಮೆ, ಒತ್ತದವನಿಗೆ ಒಂದು ನಾಯಿ ಕಡಿಮೆ.

ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬೈಕಿನ ಸುರಕ್ಷತಾ ಕೋರ್ಸ್ ಮುಗಿಸಿದವರಿಗೆ ಎರಡು ಲಾಭ. ಸರ್ಕಾರಿ ಕಚೇರಿಯಲ್ಲಿ ಗಾಡಿ ಓಡಿಸಿ ತೋರಿಸುವ ಪರೀಕ್ಷೆ ಇರುವುದಿಲ್ಲ. ಜೊತೆಗೆ ಅನೇಕ ವಿಮಾ ಕಂಪನಿಗಳು ಪ್ರೀಮಿಯಂ ಇಳಿಸುತ್ತವೆ. ಕಲಿತವನು ಕಡಿಮೆ ಬೀಳುತ್ತಾನೆ, ಕಡಿಮೆ ಬಿದ್ದರೆ ನಮಗೆ ಲಾಭ ಎನ್ನುವ ಸರಳ ವ್ಯಾಪಾರ. ನಮ್ಮಲ್ಲೂ 2021ರ ಜುಲೈ 1ರಿಂದ ಹೊಸ ನಿಯಮ ಬಂತು. ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಪಾಸಾದರೆ ಆರ್‌ಟಿಒ ಟೆಸ್ಟ್ ಬೇಡ. ಅಂದರೆ ಎರಡು ಲಾಭದಲ್ಲಿ ಟೆಸ್ಟ್ ತಪ್ಪಿಸುವುದನ್ನು ಮಾತ್ರ ನಾವು ಆಮದು ಮಾಡಿಕೊಂಡೆವು. ದುಡ್ಡಿನ ಭಾಗ ಹಡಗಿನಿಂದ ಇಳಿಯಲೇ ಇಲ್ಲ.

ಟೆಸ್ಟ್ ಅಂದೆನಲ್ಲ, ಅದನ್ನೂ ನೋಡೋಣ.

ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್. ಈಗ ಆಧಾರ್ ಇದ್ದರೆ ಆನ್‌ಲೈನ್‌ನಲ್ಲೇ ಬರೆಯಬಹುದು. ಸುರಕ್ಷತೆಯ ವಿಡಿಯೊ ಒಂದು ಓಡುತ್ತದೆ. ಸೈಬರ್ ಅಂಗಡಿಯಲ್ಲಿ ಅದು ಓಡುತ್ತಿರುವಾಗ ಹುಡುಗರು ಆಚೆ ನಿಂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬರುತ್ತಾರೆ. ಪಾಪ, ವಿಡಿಯೊ ಮಾತ್ರ ಯಾರ ಮೇಲೂ ಬೇಜಾರಿಲ್ಲದೆ ಕೊನೆತನಕ ಪಾಠ ಹೇಳುತ್ತದೆ. ಆಮೇಲೆ ಪ್ರಶ್ನೆಗಳು. ನಿಯಮದ ಪ್ರಕಾರ ಶೇಕಡಾ 60 ಉತ್ತರ ಸರಿಯಿದ್ದರೆ ಪಾಸ್. ಉಳಿದ 40ರಲ್ಲಿ 'ನಿಲ್ಲಿ' ಎನ್ನುವ ಬೋರ್ಡ್ ಇದ್ದರೂ ನಡೆಯುತ್ತದೆ. ನಮ್ಮೂರಿನ ಸವಾರರನ್ನು ನೋಡಿದರೆ ಆ 40ರಲ್ಲಿ ಏನೇನಿತ್ತು ಎಂದು ಊಹಿಸುವುದು ಕಷ್ಟವೇನಲ್ಲ.

30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್. ಕೇಂದ್ರದ 1989ರ ಮೋಟಾರು ವಾಹನ ನಿಯಮಗಳಲ್ಲಿ ಇದಕ್ಕೆ ಉದ್ದನೆಯ ಪಟ್ಟಿಯೇ ಇದೆ. ಹಿಂದಿನದು ಕಾಣುವ ಕನ್ನಡಿ ಸರಿ ಮಾಡಿಕೊಳ್ಳಬೇಕು, ಕೈಸನ್ನೆ ಕೊಡಬೇಕು, ಹಿಂದಿನ ಗಾಡಿಗೆ ಮುಂದೆ ಹೋಗಲು ಬಿಡಬೇಕು, ತುರ್ತಿನಲ್ಲಿ ನಿಲ್ಲಿಸಬೇಕು. ಓದಲು ಚೆನ್ನಾಗಿದೆ. ಮೈದಾನಕ್ಕೆ ಬರುವಷ್ಟರಲ್ಲಿ ಈ ಪಟ್ಟಿಯೆಲ್ಲ ಸೊರಗಿ ಒಂದು ಅಂಕಿ ಉಳಿಯುತ್ತದೆ: 8. ಕಾಲು ನೆಲಕ್ಕೆ ಊರದೆ ಎಂಟು ಹಾಕಿದರೆ ನೀವು ಸವಾರರು. ಪಟ್ಟಿಯ ಮೊದಲ ಸಾಲಿನ ಕನ್ನಡಿಯ ವಿಷಯ ಬಿಡಿ. ಹೊಸ ಬೈಕ್ ತಂದು, ಕನಕದುರ್ಗಮ್ಮನ ಗುಡಿ ಮುಂದೆ ನಿಂಬೆಹಣ್ಣು ತುಳಿಸಿ, ಮನೆಗೆ ಬಂದ ತಕ್ಷಣ ನಮ್ಮ ಹುಡುಗರು ಮೊದಲು ಬಿಚ್ಚುವುದೇ ಕನ್ನಡಿಯನ್ನು. ಲುಕ್ ಕೆಡುತ್ತದಂತೆ!

ಎಂಟು ಹಾಕಲು ತರುವ ಗಾಡಿಯಾದರೂ ಯಾವುದು? ಯಾರಿಂದಲೋ ಕೇಳಿ ತಂದ ಹಗುರವಾದ 100 ಸಿಸಿ ಬೈಕು. ಪಾಸಾದ ಮರುದಿನ ಅದೇ ಲೈಸೆನ್ಸ್ ಇಟ್ಟುಕೊಂಡು 650 ಸಿಸಿ ಗಾಡಿ ಏರಿ ತೋರಣಗಲ್ಲು ಕಡೆ ಹೆದ್ದಾರಿಗೆ ಹೋಗಬಹುದು. ಗೇರ್ ಇರುವ ಬೈಕಿಗೆ ನಮ್ಮಲ್ಲಿ ಒಂದೇ ದರ್ಜೆಯ ಲೈಸೆನ್ಸ್. ಯುರೋಪಿನಲ್ಲಿ ಸಣ್ಣ ಬೈಕ್, ನಡುವಿನದು, ದೊಡ್ಡದು ಎಂದು ವಯಸ್ಸಿಗೂ ಅನುಭವಕ್ಕೂ ತಕ್ಕಂತೆ ಮೆಟ್ಟಿಲು ಮಾಡಿದ್ದಾರೆ. ನಮಗೆ ಮೆಟ್ಟಿಲು ಬೇಡ, ಲಿಫ್ಟ್ ಇದೆ.

ತಮಾಷೆ ಏನೆಂದರೆ, ದೊಡ್ಡ ಎಂಜಿನ್ ಅಪಾಯ ಎಂದು ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ದುಡ್ಡು ಕಟ್ಟಿಸಿಕೊಳ್ಳುವಾಗ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ವಿಮೆಗೆ 2022ರ ಜೂನ್‌ನಲ್ಲಿ ಜಾರಿಗೆ ಬಂದ ದರ ನೋಡಿ. 75ರಿಂದ 150 ಸಿಸಿವರೆಗೆ ವರ್ಷಕ್ಕೆ 714 ರೂಪಾಯಿ. 350 ಸಿಸಿವರೆಗೆ 1366. ಅದರ ಮೇಲೆ 2804. ಸಿಸಿ ಏರಿದಂತೆ ಅಪಾಯ ಏರುತ್ತದೆ ಎಂದು ರಸೀದಿಗೆ ಅರ್ಥವಾಗಿದೆ, ಲೈಸೆನ್ಸಿಗೆ ಇನ್ನೂ ಅರ್ಥವಾಗಿಲ್ಲ. ಈ ದರದಲ್ಲಿ ಓಡಿಸುವವನು ಯಾರು, ಕಲಿತವನೋ ಕಲಿಯದವನೋ ಎನ್ನುವ ಪ್ರಶ್ನೆಯೇ ಬರುವುದಿಲ್ಲ.

ಹೆಲ್ಮೆಟ್ ಕಥೆ ಬೇರೆ. ಹೊಸ ಗಾಡಿ ಜೊತೆ ಒಂದು ಹೆಲ್ಮೆಟ್ ಕೊಡಲೇಬೇಕು ಎಂಬ ನಿಯಮವಿದೆ. ಅದು ಮನೆಯ ಅಟ್ಟದಲ್ಲಿ ಕವರ್ ಸಮೇತ ಕ್ಷೇಮವಾಗಿರುತ್ತದೆ. ಏನೂ ಪೆಟ್ಟಾಗಿಲ್ಲ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಳೆಯ ಜೋಕು ನಮಗೆ ಕಾನೂನಿನ ವಿನಾಯಿತಿ ಇದ್ದ ಹಾಗೆ. ಸೆಕೆ ಸಾರ್, ತಲೆ ಬೇಯ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಹೆಲ್ಮೆಟ್ ಇಲ್ಲದವರಿಗೆ 1000 ರೂಪಾಯಿ ದಂಡ ಎಂದಿತು. ನಮ್ಮ ರಾಜ್ಯ ಕನಿಕರಪಟ್ಟು 500ಕ್ಕೆ ಇಳಿಸಿತು. ಆಮೇಲೆ ಬಾಕಿಗೆ ಅರ್ಧ ಬಿಟ್ಟಾಗ ಅದು 250ಕ್ಕೆ ಬಂತು. ಐಎಸ್‌ಐ ಗುರುತಿನ ಒಳ್ಳೆ ಹೆಲ್ಮೆಟ್ ಇದಕ್ಕಿಂತ ದುಬಾರಿ. ಲೆಕ್ಕ ಬಲ್ಲವನು ಯಾವುದನ್ನು ಆರಿಸುತ್ತಾನೆ ಹೇಳಿ?

ಇಷ್ಟೆಲ್ಲ ಟೀಕೆ ಮಾಡಿ ಸುಮ್ನಿದ್ದರೆ ಸರಿಯಲ್ಲ. ಅದಕ್ಕೇ ಬಳ್ಳಾರಿಗೆ ಸರಿಹೊಂದುವ ಒಂದು ಟೆಸ್ಟನ್ನು ನಾನೇ ತಯಾರಿಸಿದ್ದೇನೆ. ಪಾಸಾದವರಿಗೆ ಪ್ರೀಮಿಯಂನಲ್ಲಿ ಅರ್ಧ ಬಿಡಬೇಕು ಎನ್ನುವುದು ನನ್ನ ಬೇಡಿಕೆ. ಟ್ರ್ಯಾಕ್ ಕಟ್ಟಿಸುವ ಖರ್ಚೂ ಇಲ್ಲ. ಈಗಿರುವ ರಸ್ತೆಗಳೇ ಸಾಕು.

ಮೊದಲ ಸುತ್ತು ರಾತ್ರಿ. ಬಣ್ಣ ಬಳಿಯದ, ಬೋರ್ಡ್ ಇಲ್ಲದ ಹಂಪ್. ಎದುರಿನಿಂದ ಬರುವ ಕಾರಿನವನು ಹೈ ಬೀಮ್ ಇಳಿಸುವುದಿಲ್ಲ. ಹಂಪ್ ಇರುವುದು ಹಾರಿದ ಮೇಲೆ ಗೊತ್ತಾದರೆ ಫೇಲ್. ಹಾರುವ ಮೊದಲೇ ಗೊತ್ತಾದರೆ ನೀವು ಆ ಓಣಿಯವರು, ನಿಮಗೆ ಬೇರೆ ಪ್ರಶ್ನೆಪತ್ರಿಕೆ.

ಎರಡನೆಯದು ಸಂಡೂರು ಕಡೆಯ ಅದಿರು ಲಾರಿ. ಹಿಂದಿನ ದೀಪವಿಲ್ಲ, ಇದ್ದರೂ ಕೆಂಪು ಧೂಳಿನಲ್ಲಿ ಅದೂ ಧೂಳೇ. ಲಾರಿ ಓಡುತ್ತಿದೆಯೋ, ಕೆಟ್ಟು ನಿಂತಿದೆಯೋ ಎಂದು ಅಭ್ಯರ್ಥಿ ಹೇಳಬೇಕು. ಉತ್ತರ ಬದಲಿಸಲು ಅವಕಾಶವಿಲ್ಲ.

ಮೂರನೆಯದು ಸುಗ್ಗಿ ಕಾಲದಲ್ಲಿ ಸಿರುಗುಪ್ಪ ರಸ್ತೆಯಲ್ಲಿ. ಅರ್ಧ ರಸ್ತೆಯಲ್ಲಿ ಭತ್ತ ಒಣಗುತ್ತಿರುತ್ತದೆ. ಭತ್ತದ ಮೇಲೆ ಯಾರೂ ಹೋಗದಿರಲಿ ಎಂದು ಅಂಚಿಗೆ ಕಲ್ಲಿನ ಸಾಲು. ಇನ್ನರ್ಧದಲ್ಲಿ ಬಸ್ಸು. ಉಳಿದದ್ದು ಅಭ್ಯರ್ಥಿಯ ಪಾಲು. ರೈತನಿಗೆ ಕಣ ಕಟ್ಟಿಸಿಕೊಡದವರು ಈ ಸುತ್ತಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಕು ಎಂಬ ಷರತ್ತನ್ನೂ ಸೇರಿಸಿದ್ದೇನೆ.

ನಾಲ್ಕನೆಯದು ಊರೊಳಗೆ. ಮುಂದೆ ಒಂದು ಮೊಪೆಡ್ ಹೋಗುತ್ತಿರುತ್ತದೆ. ಮೊಪೆಡ್ ಕಾಣುವುದಿಲ್ಲ, ಸವಾರನೂ ಕಾಣುವುದಿಲ್ಲ. ಜೀನ್ಸ್ ಪ್ಯಾಂಟಿನ ಗಂಟುಗಳಷ್ಟೇ ರಾಯಲ್ ಸರ್ಕಲ್ ಕಡೆ ತಾವೇ ತೇಲಿಕೊಂಡು ಹೋಗುತ್ತಿರುತ್ತವೆ. ಗಂಟು ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಗಂಟಿನ ಹಾವಭಾವ ನೋಡಿ ತೀರ್ಮಾನಿಸಬೇಕು.

ಕೊನೆಯದು ತೀರಾ ಸುಲಭ. ಗಾಡಿ ಓಡಿಸುವುದೇ ಬೇಡ. ರೈಲ್ವೆ ಗೇಟ್ ಬಿದ್ದಿದೆ. ಅಭ್ಯರ್ಥಿ ತನ್ನ ಎಡಬದಿಯ ಸಾಲಿನಲ್ಲಿ ನಿಲ್ಲಬೇಕು. ಪಕ್ಕದಲ್ಲಿ ಎದುರಿನವರಿಗೆ ಬಿಟ್ಟ ಅರ್ಧ ರಸ್ತೆ ಖಾಲಿ ಇದೆ. ಹಿಂದಿನಿಂದ ಒಬ್ಬೊಬ್ಬರಾಗಿ ಬಂದು ಆ ಖಾಲಿ ಜಾಗದಲ್ಲಿ ಮುಂದೆ ಹೋಗಿ ನಿಲ್ಲುತ್ತಾರೆ. ಗೇಟಿನ ಕೆಳಗೆ ಬೈಕ್ ಮಲಗಿಸಿ ದಾಟಿಸುವವರೂ ಇರುತ್ತಾರೆ. "ಏ, ಮುಂದಕ್ಕ ಹೋಗಲೇ" ಎಂದು ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಗೇಟ್ ಏಳುವತನಕ ಅಲ್ಲೇ ನಿಂತವನು ಪಾಸ್. ವಿಮಾ ಕಂಪನಿಯವರು ರಿಯಾಯಿತಿ ಕೊಡಲು ಹೆದರಬೇಕಾಗಿಲ್ಲ. ಇಲ್ಲಿಯ ತನಕ ಬರುವವರು ಬಹಳ ಜನ ಇರಬಹುದು, ಈ ಸುತ್ತು ದಾಟಿ ಅವರ ಕೌಂಟರ್‌ಗೆ ಬರುವವರು ಯಾರೂ ಇರಲಿಕ್ಕಿಲ್ಲ.