ದುಡ್ಡು ಕೊಟ್ಟವನಿಗೆ ಮಸುಕು ಚಿತ್ರ

ದುಡ್ಡು ಕಟ್ಟಿ ನೆಟ್ಟಿನಲ್ಲಿ ಹಾಕಿದ ಸಿನಿಮಾ ಮಸುಕಾಗಿ ಬಂದದ್ದಕ್ಕೆ ನಿನ್ನೆ ರಾತ್ರಿ ಹನ್ನೊಂದಕ್ಕೆ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲಿ ಕಕ್ಕದಿದ್ದರೆ ಮನೆಯವರ ಮೇಲೆ ಹರಿಹಾಯುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಾನಿಟರ್ ಹುಚ್ಚು ನಿಮಗೆ ಹೊಸದಲ್ಲ. ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಪರದೆಯ ಮೇಲೆ ಒಂದು ಸತ್ತ ಚುಕ್ಕಿಯೂ, ಅಂದರೆ ಬೆಳಗದ ಪಿಕ್ಸೆಲ್ಲೂ, ಇರಬಾರದೆಂದು ಕರವಸ್ತ್ರದಿಂದ ಒರೆಸಿ ಒರೆಸಿ ನೋಡಿದ ದಿನ ನನ್ನ ಜೊತೆಗಿದ್ದವರು ಇಬ್ಬರು ಇಲ್ಲೇ ಇದ್ದೀರಿ. ಮನೆಯಲ್ಲಿ ಟಿವಿ ಇಲ್ಲವೇ ಎಂದು ಕೇಳಬೇಡಿ. ಇದೆ. ಸಂಜೆ ಆರರಿಂದ ಹತ್ತೂವರೆಯವರೆಗೆ ಅದು ಅಮ್ಮನ ಧಾರಾವಾಹಿಗಳ ಆಸ್ತಿ. ಆಮೇಲೆ ಅಮ್ಮ ಮಲಗುವುದೂ ಅದೇ ನಡುಮನೆಯಲ್ಲಿ.

ಹಾಗಾಗಿ ನನ್ನ ಸಿನಿಮಾ ಎಲ್ಲ ಕೋಣೆಯೊಳಗಿನ 24 ಇಂಚಿನ ಮಾನಿಟರಿನಲ್ಲೇ. ಭಾವ ಬಂದಾಗಲೆಲ್ಲ ಅದನ್ನು ನೋಡಿ, ಮದುವೆಯಾಗದ ಹುಡುಗನನ್ನು ನೋಡುವಂತೆ ಮರುಗುತ್ತಾರೆ. ಅವರ ಮನೆಯಲ್ಲಿ 55 ಇಂಚಿನ ಟಿವಿ. ಅದನ್ನು ಏಳು ಅಡಿ ದೂರದಿಂದ ನೋಡುವುದೂ, ಇದನ್ನು ಮೂರು ಅಡಿಯಿಂದ ನೋಡುವುದೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ್ದೇನೆ. ನಂಬಲಿಲ್ಲ. ಕತ್ತಲ ದೃಶ್ಯಗಳಲ್ಲಿ ನನ್ನ ಪರದೆಯ ಕಪ್ಪು ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಒಳಗಿನ ಸ್ಪೀಕರ್ ಸೊಳ್ಳೆಯ ದನಿಯಲ್ಲಿ ಗುಂಯ್ಗುಡುತ್ತದೆ, ಒಪ್ಪಿದೆ. ಆದರೆ ಚಿತ್ರ ಮಾತ್ರ ಕನ್ನಡಿಯಂತೆ ಸ್ವಚ್ಛ.

ಸ್ವಚ್ಛವಾಗಿ ಇರಬೇಕಿತ್ತು ಎನ್ನೋಣ. ಎಚ್‌ಡಿ ಕೊಡುತ್ತೇವೆಂದು ಹೆಚ್ಚು ದುಡ್ಡು ಕಿತ್ತುಕೊಂಡ, ನೆಟ್ಟಿನಲ್ಲಿ ಸಿನಿಮಾ ತೋರಿಸುವ ಒಟಿಟಿ ಕಂಪನಿಯ ಚಂದಾದಾರ ನಾನು. ನಿನ್ನೆ ಸಿನಿಮಾ ಹಾಕಿದೆ. ನಾಯಕನ ಗಡ್ಡದಲ್ಲಿ ಒಂದು ಕೂದಲೂ ಕಾಣಲಿಲ್ಲ, ಕಾಡಿಗೆ ಮೆತ್ತಿದ ಹಾಗಿತ್ತು. ಹಿಂದಿನ ಗೋಡೆ ಚೌಕ ಚೌಕವಾಗಿ ಒಡೆದುಕೊಂಡಿತ್ತು. ಕಣ್ಣಿಗೆ ಪೊರೆ ಬಂತೇ ಎಂದು ಕನ್ನಡಕ ಒರೆಸಿದೆ, ಪರದೆ ಒರೆಸಿದೆ. ಪಕ್ಕಾ ಮಾಡಿಕೊಳ್ಳಲೆಂದು ಹೋದ ಮಳೆಗಾಲ ಜೋಗದಲ್ಲಿ ಮೊಬೈಲಿನಿಂದ ನಾನೇ ತೆಗೆದ ವಿಡಿಯೊ ಹಾಕಿದೆ. ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಧಾರೆ, ಮೇಲೆದ್ದ ತುಂತುರು, ರೇಲಿಂಗಿನ ಕಂಬಿಯಿಂದ ತೊಟ್ಟಿಕ್ಕುವ ಹನಿ, ಎಲ್ಲವೂ ಸ್ಪಷ್ಟ! ಮಾನಿಟರಿನ ತಪ್ಪಲ್ಲ. ನೆಟ್ಟಿನ ತಪ್ಪೂ ಅಲ್ಲ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ, 'ಕೇಬಲ್ ತೆಗೆದು ಮತ್ತೆ ಹಾಕಿ ನೋಡಿ ಸರ್.' ಹಾಕಿದೆ. ಕಾಡಿಗೆ ಹಾಗೆಯೇ ಇತ್ತು.

ಕೊನೆಗೆ ಅಕ್ಕನ ಮಗನನ್ನು ಎಬ್ಬಿಸಿದೆ. ಸಾಫ್ಟ್‌ವೇರ್ ಹುಡುಗ, ಆಕಳಿಸುತ್ತಲೇ ಏನೋ ಒತ್ತಿ ಅಂಕಿಗಳನ್ನು ತೋರಿಸಿದ. ನನ್ನ ಪರದೆಯಲ್ಲಿರುವುದು 1920 ಗುಣಿಸು 1080, ಅಂದರೆ 20 ಲಕ್ಷಕ್ಕೂ ಮೀರಿದ ಚುಕ್ಕಿಗಳು. ಅವರು ಕಳಿಸುತ್ತಿದ್ದದ್ದು ನಾಲ್ಕು ಲಕ್ಷದಷ್ಟು. ಉಳಿದದ್ದನ್ನು ಪರದೆ ಊಹಿಸಿ ತುಂಬಿಕೊಳ್ಳಬೇಕು. ನಾಲ್ಕು ಚುಕ್ಕಿ ಇಟ್ಟು ಅಂಗಳದ ತುಂಬ ರಂಗೋಲಿ ಎಳೆ ಎಂದ ಹಾಗೆ.

ಯಾಕಪ್ಪಾ ಎಂದರೆ, 'ಮಾಮಾ, ನಿಮ್ಮ ಮೇಲೆ ಅವರಿಗೆ ನಂಬಿಕೆ ಇಲ್ಲ' ಎಂದ. ಯಾರೂ ನಕಲು ಮಾಡದಂತೆ ಚಿತ್ರಕ್ಕೆ ಬೀಗ ಹಾಕಿ ಕಳಿಸುತ್ತಾರಂತೆ. ಹೆಚ್ಚಿನ ಫೋನು, ಟಿವಿಗಳಲ್ಲಿ ಆ ಬೀಗ ತೆಗೆಯುವ ಕೆಲಸ ಎಲೆಕ್ಟ್ರಾನಿಕ್ ಚಿಪ್ ಒಳಗೇ ಗುಟ್ಟಾಗಿ ನಡೆಯುತ್ತದಂತೆ. ನಾನು ಬಳಸುವ ಬ್ರೌಸರಿನಲ್ಲಿ ಅದು ಬರೀ ಸಾಫ್ಟ್‌ವೇರಿನ ಕೆಲಸ, ನಡುವೆ ಯಾರಾದರೂ ಕದ್ದಾರು ಎಂಬ ಭಯ. ಎರಡನೆಯ ಬೀಗ ಕೇಬಲಿನಲ್ಲಿ. ಎಚ್‌ಡಿಸಿಪಿ ಎಂದು ಹೆಸರು, ಕಂಪ್ಯೂಟರ್ ಚಿಪ್ ಕಂಪನಿ ಇಂಟೆಲ್ ಮಾಡಿದ್ದು. ಕಂಪ್ಯೂಟರ್ ಮಾನಿಟರನ್ನು 'ನೀನು ಯಾರು?' ಎಂದು ಕೇಳುತ್ತದೆ. ಅದು ಸರಿಯಾದ ಉತ್ತರ ಕೊಟ್ಟರೆ ಮಾತ್ರ ಒಳ್ಳೆಯ ಚಿತ್ರ. ನನ್ನ 24 ಇಂಚಿನದು ಉತ್ತರ ಕೊಡುತ್ತದೆ. ಆದರೆ ಅದರ ಪಕ್ಕದಲ್ಲಿ, ಕಚೇರಿ ಕೆಲಸಕ್ಕೆಂದು ವಿಜಿಎ ಎಂಬ ಹಳೆಯ ಬಗೆಯ ಕೇಬಲಿನಲ್ಲಿ ಸಿಕ್ಕಿಸಿದ ಹಳೆಯ ಮಾನಿಟರ್ ಇದೆಯಲ್ಲ, ಆ ಕೇಬಲಿಗೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಮುದುಕಪ್ಪನ ಬಳಿ ಗುರುತಿನ ಚೀಟಿ ಇಲ್ಲವೆಂದು ಇಡೀ ಸಂಸಾರವನ್ನು ಬಸ್ಸಿನಿಂದ ಇಳಿಸಿದಂತಾಯಿತು.

ಈಗ ನಿಮ್ಮಲ್ಲಿ ಯಾರೋ ಹೇಳುತ್ತೀರಿ: ಕಳ್ಳ ಪ್ರತಿಗಳಿಂದ ನಿರ್ಮಾಪಕರು ಮುಳುಗುತ್ತಾರೆ, ಬೀಗ ಬೇಡವೇ? ಬೇಕು. ಮುಳುಗಿದವರನ್ನು ನಾನೂ ಕಂಡಿದ್ದೇನೆ. ಆದರೆ ಕಳ್ಳ ಈ ಬೀಗದ ಮುಂದೆ ತಲೆ ಕೆರೆದುಕೊಂಡು ನಿಂತಿದ್ದಾನೆಯೇ? ಎಚ್‌ಡಿಸಿಪಿಯ ಮೊದಲ ಆವೃತ್ತಿಯ ಮೂಲ ಕೀಲಿ 2010ರಲ್ಲೇ ಅಂತರ್ಜಾಲದಲ್ಲಿ ಬಿದ್ದಿತ್ತು, ಅದು ಅಸಲಿ ಎಂದು ಇಂಟೆಲ್ಲೇ ಒಪ್ಪಿಕೊಂಡಿತು. ಆಮೇಲೆ ಹೊಸ ಬೀಗ ಬಂತು, ಆದರೂ ಕಳ್ಳ ಪ್ರತಿಗಳು ಬರುತ್ತಲೇ ಇವೆ, ಅದೂ ಪೂರ್ತಿ 20 ಲಕ್ಷ ಚುಕ್ಕಿಗಳೊಂದಿಗೆ. ಹೊರಗೆ ನಿಂತವನು ರಸೀದಿ ಹಿಡಿದ ನಾನು.

ಒಂದು ಮಾತು ಹೇಳಿಬಿಡುತ್ತೇನೆ, ಬೈಯಬೇಡಿ. ಕಾಲೇಜು ದಿನಗಳಲ್ಲಿ ಮೆಜೆಸ್ಟಿಕ್ಕಿನ ಫುಟ್‌ಪಾತಿನಿಂದ ಕಳ್ಳ ಸಿ.ಡಿ. ತಂದು ನೋಡಿದವನು ನಾನು. ನಡುವೆ ಯಾರೋ ಎದ್ದು ಹೋಗುವ ನೆರಳು, ಹಿಂದಿನ ಸಾಲಿನವನ ಕೆಮ್ಮು, ಎಲ್ಲ ಸೇರಿ ಮೂವತ್ತು ರೂಪಾಯಿ. ಆ ಪಾಪಕ್ಕೆಂದೇ ಈಗ ತಿಂಗಳು ತಪ್ಪದೆ ಚಂದಾ ಕಟ್ಟುತ್ತೇನೆ. ನಿನ್ನೆಯ ಚಿತ್ರ ಆ ಸಿ.ಡಿ.ಯನ್ನೇ ನೆನಪಿಸಿತು, ಕೆಮ್ಮೊಂದು ಇರಲಿಲ್ಲ.

ಅಕ್ಕನ ಮಗ ಬೇರೆ ಬ್ರೌಸರ್ ತೆರೆದು, ಹಳೆಯ ಮಾನಿಟರಿನ ಕೇಬಲ್ ಕಿತ್ತ. ಸಿನಿಮಾ ಮತ್ತೆ ಹಾಕಿದೆವು. ಗಡ್ಡದಲ್ಲಿ ಎರಡು ಬಿಳಿ ಕೂದಲು ಕಂಡವು. ಒಂದೂವರೆಗೆ ಮುಗಿಯಿತು. ಬೆಳಿಗ್ಗೆ ಕಚೇರಿ ಕೆಲಸಕ್ಕೆ ಕೂತಾಗ ಹಳೆಯ ಮಾನಿಟರ್ ಮತ್ತೆ ಬೇಕಾಯಿತು. ಮೇಜಿನ ಕೆಳಗೆ ತೂರಿ, ಮೊಬೈಲಿನ ಬೆಳಕಿನಲ್ಲಿ ಆ ವಿಜಿಎ ಕೇಬಲಿನ ಎರಡು ತಿರುಪು ತಿರುಗಿಸಿ ಬಂದಿದ್ದೇನೆ. ರಾತ್ರಿ ಮತ್ತೆ ಬಿಚ್ಚಬೇಕು.